ಸ್ಟೇರಿಂಗ್ ಮ್ಯಾಲ ಒಂದು ಹಿಡಿ ಶೇಂಗಾ

ಮೊನ್ನೆ ನನ್ನ ಪ್ಯಾಂಟಿನ ಕಿಸೆದಾಗ ಒಂದು ಹಿತ್ತಾಳಿ ಬಿಲ್ಲೆ ಸಿಕ್ತು ನೋಡ್ರಿ. ಸಿಕ್ಕಿದ್ದು ನನಗಲ್ಲ, ವಾಷಿಂಗ್ ಮಶೀನಿಗಿ. ಒಳಗ ಕಟಕಟ ಕಟಕಟ ಅಂತ ಒದರಲಾಕತ್ತಿತ್ತು. ನಮ್ಮ ಮನಿಯಾಕಿ ಮಶೀನ್ ಬಂದ್ ಮಾಡಿ, ಕೈ ಹಾಕಿ ತಗದು, ನನ್ನ ಮುಖದ ಮುಂದ ಹಿಡದ್ಲು.

"ಏನ್ರಿ ಇದು? ಈ ವಯಸ್ಸಿನಾಗ ತಾಯತ ಕಟ್ಕೊಳ್ಳಲಾಕತ್ತೀರೇನು?"

"ತಾಯತ ಅಲ್ಲ ಮಾರಾಯ್ತಿ, ಟೋಕನ್. ವಿಡಿಯೋ ಗೇಮಿನ ಟೋಕನ್."

ಆಕಿ ನನ್ನ ತಲಿ ನೋಡಿದ್ಲು, ಹೊಟ್ಟಿ ನೋಡಿದ್ಲು, ಬಿಲ್ಲೆ ನೋಡಿದ್ಲು. "ತಾಯತಾನೇ ಛಲೋ ಇತ್ತು," ಅಂದು ಒಳಗ ಹೋದ್ಲು.

ಆಕಿಗಿ ಏನ್ ಹೇಳ್ಲಿ? ನೀವಾದ್ರ ದಿನಾ ನನ್ನ ವಿಡಿಯೋದಾಗಿನ ಬಡಬಡಿಕಿ ಫೋನಿನಾಗ ಕೇಳವ್ರು, ಬೈಯವ್ರು, ಬೈದು ಮರುದಿನ ಮತ್ತ ಬರವ್ರು. ನಿಮಗ ಹೇಳ್ತೇನಿ, ಕುಂದರ್ರಿ.

ಈ ಬಿಲ್ಲೆ ಬೀದರದ್ದು. ಚಿದ್ರಿ ಕಡಿ ಒಂದು ಹಳೇ ದಾಲ್ ಮಿಲ್ ಬಂದ್ ಬಿದ್ದಿತ್ತು. ನನ್ನ ಸಾಲಿ ದೋಸ್ತ್ ಸುನೀಲ ಅದನ್ನ ಹಿಡದು ಏನೇನೋ ಮಾಡ್ಯಾನ. ಒಂದು ಕಡಿ ಹೋಟೆಲ್. ನಡುವ ಸ್ಟೇಜ್, ಅಲ್ಲಿ ಯಾರಾದ್ರೂ ಹಾಡ್ತಾರ, ಬಾರಸ್ತಾರ. ಇನ್ನೊಂದು ಕಡಿ ಗ್ವಾಡಿಗುಂಟ ನಮ್ಮ ಕಾಲದ ವಿಡಿಯೋ ಗೇಮ್ ಮಶೀನ್ ಪಾಳಿ ಹಚ್ಚಿ ನಿಂತಾವ. ಹೊರಗ ಇಂಗ್ಲಿಷಿನಾಗ ಸೊಟ್ಟ ಸೊಟ್ಟ ಅಕ್ಷರದ ಲೈಟಿನ ಬೋರ್ಡ್ ಅದ. ಅದನ್ನ ಓದಲಾಕ ಯಾರಿಗೂ ಪುರಸೊತ್ತಿಲ್ಲ. ಆಟೋದವ್ರು ಮಶೀನ್ ಹೋಟೆಲ್ ಅಂತಾರ, ಬರಾಬರ್ ತಂದು ಬಿಡ್ತಾರ.

ಮೊದಲ ಸಲ ಒಳಗ ಹೋದಾಗ ನಾ ಬಾಗಿಲದಾಗೇ ನಿಂತುಬಿಟ್ಟೆ. ಮ್ಯಾಲ ಅಷ್ಟೆತ್ತರದ ತಗಡಿನ ಛತ್ತು, ಅದರಾಗಿನ ತೂತಿನಿಂದ ಬಿಸಿಲು ಕೋಲು ಕೋಲಾಗಿ ಇಳದಿತ್ತು. ಆ ಕೋಲಿನಾಗ ಹುರದ ಮಸಾಲಿ ಹೊಗಿ ಆಡ್ಲಾಕತ್ತಿತ್ತು. ತಬಲಾದ ಪೆಟ್ಟು ಕಿವಿಗಿ ಬರೋಕಿಂತ ಮೊದಲ ಪಾದಕ್ಕ ಬಂತು, ನೆಲದಾಗಿಂದ ಹತ್ಕೊಂಡು. ಅದರ ಹಿಂದ ಆ ಮಶೀನುಗಳ ಸಪ್ಪಳ, ಟಿಂವ್ ಟಿಂವ್, ಢಿಶ್. ಹತ್ತು ವರ್ಷದವ ಆಗಿಬಿಟ್ಟೆ.

ಯಾಕಂದ್ರ ನಾವು ಭಾಲ್ಕಿದಾಗ ಸಾಲಿ ಕಲಿಯೋವಾಗ, ಬಸ್ ಸ್ಟ್ಯಾಂಡ್ ಹಿಂದ ಒಂದು ಖೋಲಿ ಇತ್ರಿ. ಬಾಗಲಕ್ಕ ಗೋಣಿಚೀಲದ ಪಡದಾ. ಒಳಗ ಒಂದೇ ಮಶೀನು, ಮೋಟಾರ್ ಓಡಸೋದು. ನಾ ದಿನಾ ಸಾಲಿ ಬಿಟ್ಟ ಕೂಡ್ಲೇ ಅಲ್ಲಿಗಿ. ಯಾರೂ ಇಲ್ಲದಾಗ ಸ್ಟೇರಿಂಗ್ ಹಿಡದು ಕುಂತ್ರ ಏನ್ ಓಡಸ್ತಿದ್ದೆ ಅಂತೀರಿ! ಎಡಕ ತಿರುವಿದ್ರ ಎಡಕ, ಬಲಕ ತಿರುವಿದ್ರ ಬಲಕ. ಒಂದು ತಿಂಗಳು ಹಿಂಗ ಓಡಿಸಿದೆ. ಒಂದು ಸಲಾನೂ ಗಾಡಿ ಪಲ್ಟಿ ಆಗ್ಲಿಲ್ಲ. ಸಾಲ್ಯಾಗ ಎಲ್ಲಾರಿಗೂ ಹೇಳ್ಕೊಂಡು ತಿರಗಿದೆ. ಒಂದಿನ ಈ ಸುನೀಲ ನನ್ನ ಬೆನ್ನ ಹಿಂದ ನಿಂತು ಹೊಟ್ಟಿ ಹಿಡ್ಕೊಂಡು ನಕ್ಕ.

"ಲೇ ಶಿವ್ಯಾ, ಟೋಕನ್ನೇ ಹಾಕಿಲ್ಲಲ್ಲೋ! ಅದು ತಾನೇ ಓಡ್ಲಾಕತ್ತದ. ಕೈ ಬಿಟ್ಟು ನೋಡು!"

ಕೈ ಬಿಟ್ಟೆ. ಗಾಡಿ ಹಂಗೇ ಹೊಂಟಿತ್ತು. ಎಡಕ, ಬಲಕ, ನನಗಿಂತ ಛಲೋ.

ಆ ಸುನೀಲನೇ ಮುಂದ ಟಿ.ವಿ. ರಿಪೇರಿ ಕಲ್ತ, ಮೈಕ್ ಸೆಟ್ ಇಟ್ಟ, ಹೈದರಾಬಾದ್, ಸೋಲಾಪುರ ಗುಜರಿ ಅಂಗಡಿ ತಿರಗಿ ಸತ್ತ ಮಶೀನು ತಂದು ತಂದು ಜೀವ ಕೊಟ್ಟ. ಮೋಟಾರಿನ ಮಶೀನಿಗಿ ಅಸಲಿ ಸ್ಟೇರಿಂಗ್ ಸಿಗ್ಲಿಲ್ಲಂತ. ಹಳೇ ಟ್ರ್ಯಾಕ್ಟರಿನ ಸ್ಟೇರಿಂಗ್ ಹಚ್ಯಾನ, ಒಂದೇ ಕೈಲೆ ಹಿಡದು ಗರಗರ ತಿರುವಲಾಕ ಮ್ಯಾಲ ಒಂದು ಗುಂಡಿ ಇರ್ತದಲ್ಲ, ಅದು ಸುದ್ದಾ ಹಂಗೇ ಅದ. ನಾ ನಕ್ಕೆ. "ನಗಬ್ಯಾಡ, ಬೀದರದಾಗ ಮೋಟಾರ್ ಓಡಸವ್ರಿಗಿಂತ ಟ್ರ್ಯಾಕ್ಟರ್ ಓಡಸವ್ರೇ ಜಾಸ್ತಿ," ಅಂದ.

ಇಷ್ಟೆಲ್ಲಾ ಹೇಳಿ, ಆ ಬಿಲ್ಲೆ ನನ್ನ ಕಿಸೆದಾಗ ಯಾಕ ಉಳೀತು ಅನ್ನೋದು ಹೇಳಲೇ ಇಲ್ಲ. ಅದಕ್ಕ ನಮ್ಮ ದೊಡ್ಡವ್ವ ಕಾರಣ.

ದೊಡ್ಡವ್ವ ಅಂದ್ರ ನಮ್ಮಪ್ಪನ ಅಣ್ಣನ ಹೇಂತಿ, ಸಾಯಗಾಂವದಾಕಿ. ನಾ ಭಾಲ್ಕಿದಾಗ ಕಲ್ತ್ರೂ ಸೂಟಿ ಬಂತಂದ್ರ ಸಾಯಗಾಂವಕ್ಕ ಓಡ್ತಿದ್ದೆ. ಮನಿ ತುಂಬ ಕುರಿ, ಕುರಿ ವಾಸನಿ, ಕುರಿ ಕಂಬಳಿ. ನಸುಕಿನ್ಯಾಗ ದೊಡ್ಡವ್ವ ಬೀಸಕಲ್ಲಿನ ಮುಂದ ಕುಂದರ್ತಿದ್ಲು. ಎದುರಿಗಿ ನಮ್ಮ ಕಾಕು, ಅಂದ್ರ ಸಣ್ಣ ಕಾಕಾನ ಹೇಂತಿ. ಒಂದೇ ಗೂಟಕ್ಕ ಇಬ್ಬರ ಕೈ. ಒಬ್ಬಾಕಿ ಒಂದು ಪದ ಹಾಡ್ಬೇಕು, ಎದುರಿನಾಕಿ ಆ ಪದದ ಬಾಲ ಹಿಡದು ತನ್ನದೊಂದು ಪದ ಕಟ್ಟಬೇಕು. ಬರದಿಟ್ಟದ್ದಲ್ಲ, ಕಲ್ತದ್ದಲ್ಲ, ಬಾಯಿಗಿ ಬಂದದ್ದೇ ಪದ. ನಾ ಕಂಬಳಿ ಹೊಚ್ಕೊಂಡು ಹೋಗಿ ದೊಡ್ಡವ್ವನ ತೊಡಿ ಮ್ಯಾಲ ತಲಿ ಇಡ್ತಿದ್ದೆ. ಆ ಹಾಡು ಕಿವಿಗಿ ಬರ್ತಿರ್ಲಿಲ್ರಿ, ಸೀದಾ ತಲಿಬುರುಡಿಗಿ ಬರ್ತಿತ್ತು. ಕಲ್ಲಿನ ಗರಗರ, ಆಕಿ ದನಿ, ಆಕಿ ತೊಡಿ ಅಲಗೋದು, ಎಲ್ಲಾ ಕೂಡೇ. ಜೋಳದ ಹಿಟ್ಟು ಹುಬ್ಬಿನ ಮ್ಯಾಲ ಕುಂತು ನಾ ಮುದುಕ ಆಗಿರ್ತಿದ್ದೆ.

ಹನ್ನೆರಡು ವರ್ಷ ಹಂಗ ಬೀಸ್ಯಾರ ಇಬ್ರು. ಆಮ್ಯಾಲ ಕಾಕಾಗ ಔರಾದದ ಸಾಲ್ಯಾಗ ಜವಾನನ ನೌಕರಿ ಸಿಕ್ತು. ಕಾಕು ಔರಾದಕ್ಕ ಹೋದ್ಲು. ಊರಿಗಿ ಗಿರಣಿ ಬಂತು. ದೊಡ್ಡವ್ವ ಒಬ್ಬಾಕೀನೇ ತೊಗರಿ ಒಡಿಲಾಕ, ಕಡ್ಲಿ ಒಡಿಲಾಕ ಕುಂತ್ರ ಒಬ್ಬಾಕೀನೇ ಹಾಡ್ತಿದ್ಲು. ಹಾಡಿ ಒಂದೀಟು ಸುಮ್ಮನಿರ್ತಿದ್ಲು. ಎದುರಿನಾಕಿ ಪದ ಕಟ್ಟೋವಷ್ಟ ಹೊತ್ತು.

ಹೋದ ವರ್ಷ ನಾ ಒಂದು ಶಾಣ್ಯಾತನ ಮಾಡಿದೆ. ದೊಡ್ಡವ್ವ ತೊಗರಿ ಒಡಿಲಾಕತ್ತಿದ್ಲು. ಹಿಂದಿನಿಂದ ಬೆನ್ನು, ಸೆರಗು, ಬಳಿ ಅಷ್ಟೇ ಕಾಣೋಹಂಗ ವಿಡಿಯೋ ಹಿಡದೆ. ಮನಿಗಿ ಬಂದು ನೋಡಿದ್ರ ಬರೇ ಕಲ್ಲಿನ ಗರಗರ. ಇದ್ಯಾನ ಗದ್ದಲ ಅಂತ ಒಂದು ಆಪ್ ಹಾಕಿ ಕಲ್ಲಿನ ಸಪ್ಪಳ ಪೂರಾ ತಗದುಬಿಟ್ಟೆ. ದನಿ ಒಂದೀಟು ತೆಳ್ಳಗ ಮಾಡಿದೆ. ಕೆಳಗ ಕೊಳಲು ಹಚ್ಚಿದೆ. ಅದನ್ನ ನೆಟ್ಟಿಗಿ ಹಾಕಿ, ಫೋನ್ ತುಂಬಿತ್ತಂತ ಅಸಲಿ ವಿಡಿಯೋ ಅಳಿಸಿ ಒಗದೆ. ನಿಮ್ಮೊಳಗ ಎಷ್ಟೋ ಮಂದಿ ಅದನ್ನ ನೋಡಿ ಕೈ ಮುಗದೀರಿ, ಹೂವ ಹಾಕೀರಿ. ನಾ ಎದಿ ಉಬ್ಬಿಸ್ಕೊಂಡು ದೊಡ್ಡವ್ವಗ ತೋರಸಲಾಕ ಸಾಯಗಾಂವಕ್ಕ ಹೋದೆ. ಆಗೇ ಫೋನಿಗಿ ಕಾಕುನ ವಾಯ್ಸ್ ಮೆಸೇಜ್ ಬಂತು. ಹೊಗಳ್ಯಾಳ ಅನ್ಕೊಂಡು, ನಾ ಮಹಾ ಮೂರ್ಖ, ಜೋರಾಗಿ ಹಚ್ಚಿದೆ.

"ಶಿವ್ಯಾ, ಇದು ಅಕ್ಕನ ದನಿ ಅಲ್ಲ. ಯಾವಾಕಿ ಹಾಡ್ಯಾಳೋ ಏನೋ, ತಂದು ಅಕ್ಕನ ಬೆನ್ನಿಗಿ ಹಚ್ಚೀರಿ. ಹನ್ನೆರಡು ವರ್ಷ ಎದುರಿಗಿ ಕುಂತೀನಿ ನಾ. ನನಗ ಗೊತ್ತಾಗಂಗಿಲ್ಲೇನು? ಅಕ್ಕಗೂ ಈ ವಯಸ್ಸಿನಾಗ ಇದ್ಯಾಕ ಬೇಕಾಗಿತ್ತು, ಕೇಳು."

ದೊಡ್ಡವ್ವ ಬಾಜೂಕೇ ಕುಂತು ಎಲ್ಲಾ ಕೇಳಿದ್ಲು.

"ಆಪ್‌ದಾಗ ಹಿಂಗಾಗ್ಯದ ದೊಡ್ಡವ್ವ, ನಂದೇ ತಪ್ಪು," ಅಂತ ನೂರು ಸಲ ಹೇಳಿದೆ. ಕಾಕುಗೂ ಫೋನ್ ಮಾಡಿ ಹೇಳಿದೆ. "ನಿನ್ನ ಆಪು ಗೀಪು ನನಗ ತಿಳಿಯಂಗಿಲ್ಲ. ನನ್ನ ಕಿವಿ ನನಗ ತಿಳೀತದ," ಅಂದ್ಲು ಆಕಿ.

ಅವತ್ತಿನಿಂದ ದೊಡ್ಡವ್ವ ಹಾಡೋದು ಬಿಟ್ಲು. ತೊಗರಿ ಒಡಿತಿದ್ಲು, ಬಾಯಿ ಮುಚ್ಕೊಂಡು. ನಾ ಕೇಳಿದ್ರ, "ಆಕಿ ಅಲ್ಲ ಅಂದ್ಲಲ್ಲೋ ತಮ್ಮ. ಊರ ಮಂದಿ ಅಂದಿದ್ರ ನಾ ಉಗುಳಿ ಬರ್ತಿದ್ದೆ. ಆಕಿ ಅಂದ್ಲು. ಹಂಗಾರ ನನ್ನ ದನಿ ಹೋಗೇ ಹೋಗಿರ್ಬೇಕು, ನನಗೇ ತಿಳಿದಿರ್ಲಿಕ್ಕಿಲ್ಲ," ಅಂದ್ಲು.

ಇದನ್ನ ಕೇಳಿ ನನಗ ರೊಟ್ಟಿ ಸೇರ್ಲಿಲ್ರಿ. ಒಂದು ದನಿ ಕಸ್ಕೊಂಡ ಕಳ್ಳ ಆಗಿದ್ದೆ ನಾ.

ಫೋನಿನಾಗ ಹಾಡು ಅಂದ್ರ ಆಕಿ ಒಲ್ಲೆ ಅಂದ್ಲು, ಫೋನಿನಾಗ ಮತ್ತ ದನಿ ಬದಲಾಗ್ತದ ಅಂತ. ಔರಾದಕ್ಕ ಹೋಗಮು ಅಂದ್ರ, "ಸುಳ್ಳಿ ಅಂದಾಕಿ ಮನಿ ಮೆಟ್ಟಲ ನಾ ಹತ್ತಂಗಿಲ್ಲ." ಕಾಕುಗ ಬಾ ಅಂದ್ರ, "ನಾ ಯಾಕ ಬರ್ಲಿ? ನಾ ಏನ್ ಸುಳ್ಳ ಹೇಳೀನಿ?" ಇಬ್ರಿಗೂ ಬರಲಾಕ ಬೀದರ ಬರಾಬರ್ ಆಗ್ತದ. ಆಗ ಸುನೀಲನ ಮಶೀನ್ ಹೋಟೆಲ್ ನೆನಪಾತು. ಐತವಾರ ಮಧ್ಯಾಹ್ನ ಅಲ್ಲಿ ಸ್ಟೇಜ್ ಖುಲ್ಲಾ, ಯಾರ್ ಬೇಕಾದ್ರೂ ಹಾಡ್ಬೌದು. ಎದುರಾ ಎದುರು ಹಾಡ್ಲಿ, ಎದುರಾ ಎದುರು ಕೇಳ್ಲಿ ಅಂದೆ. ಅದಕ್ಕ ಇಬ್ರೂ ಹ್ಞೂಂ ಅಂದ್ರು. ಇಬ್ರಿಗೂ ಗೆಲ್ಲೋದೇ ಬೇಕಾಗಿತ್ತು.

ಐತವಾರ ದೊಡ್ಡವ್ವ ಇಳಕಲ್ ಸೀರಿ ಉಟ್ಕೊಂಡು ಒಳಗ ಬಂದವಳೇ ಛತ್ತು ನೋಡಿದ್ಲು. "ಅಯ್ಯ, ಎಷ್ಟ ಎತ್ತರ ಅದನೋ! ಇಲ್ಲಿ ಹಾಡಿದ್ದು ಕೆಳಗ ಬರ್ತದೇನು?" ಅಂದ್ಲು. ಕಾಕು ಮೊದಲೇ ಬಂದು ಕುಂತಿದ್ಲು, ಕೈ ಕಟ್ಕೊಂಡು. ಮುಂದ ಒಂದು ತಟ್ಟಿ ಹುರದ ಶೇಂಗಾ.

"ಆರಾಮ ಇದ್ದೀಯೇನಕ್ಕ?"

"ಇದ್ದೀನಿ. ಬದುಕೀನಿ."

ಅಷ್ಟೇ. ಇಬ್ಬರ ನಡುವ ಒಂದು ಟೇಬಲ್ ಖಾಲಿ ಬಿಟ್ಟು ಕುಂತ್ರು. ಸ್ಟೇಜಿನ ಮ್ಯಾಲ ಒಬ್ಬಾಕಿ ಹುಡುಗಿ ಗಿಟಾರ್ ಹಿಡದು ದಖನಿ ಉರ್ದುದಾಗ ಒಂದು ಹಾಡು ಹಾಡಿದ್ಲು. ಹಿಂದ ತಬಲಾ. ದೊಡ್ಡವ್ವ ಬಾಯಿ ತಕ್ಕೊಂಡು ಕೇಳಿದ್ಲು, ಕಣ್ಣು ಮಿಟುಕಿಸ್ಲಿಲ್ಲ. "ಅಷ್ಟ ಸಣ್ಣ ಗಂಟಲದಾಗ ಎಲ್ಲಿಟ್ಟಾಳವ್ವ ಇದನ್ನೆಲ್ಲಾ," ಅಂದ್ಲು.

ಆಮ್ಯಾಲ ಸುನೀಲ ಬಂದು, "ಬರ್ರಿ ಅವ್ವಾರ," ಅಂತ ಕೈ ಹಿಡದು ಮ್ಯಾಲ ಕರ್ಕೊಂಡು ಹೋದ. ಮೈಕು ಬಗ್ಗಿಸಿ ಬಾಯಿ ಹತ್ರ ಇಟ್ಟ. ದೊಡ್ಡವ್ವ ನಿಂತ್ಲು. ಗಂಟಲು ಸರಿ ಮಾಡ್ಕೊಂಡ್ಲು. ಬಾಯಿ ತಗದ್ಲು.

ಏನೂ ಬರ್ಲಿಲ್ಲ.

ಮತ್ತ ತಗದ್ಲು. "ಕರಿಕುರಿ..." ಅಂದ್ಲು, ನಿಂತ್ಲು. ಸೀರಿ ನೆರಗಿ ಹಿಡದ್ಲು, ಬಿಟ್ಲು. ಎರಡೂ ಕೈ ಎಲ್ಲಿ ಇಡ್ಬೇಕು ತಿಳೀಲಿಲ್ಲ ಆಕಿಗಿ. ಆ ಕೈ ಗಾಳ್ಯಾಗ ಏನೋ ಹುಡುಕ್ಲಾಕತ್ತಿದ್ವು. ಮಂದಿ ತಿನ್ನೋದು ಬಿಟ್ಟು ನೋಡಿದ್ರು. ತಬಲಾದವ ಸಹಾಯ ಮಾಡ್ಬೇಕಂತ ಎರಡು ಪೆಟ್ಟು ಹಾಕ್ದ, ಅದರಿಂದ ಮತ್ತೀಟು ಗಾಬರಿ ಆತು. ಕಾಕು ತಲಿ ಕೆಳಗ ಹಾಕಿ ಒಂದೊಂದೇ ಶೇಂಗಾದ ಸಿಪ್ಪಿ ತಗಿಲಾಕತ್ತಿದ್ಲು. ಆಕಿ ಗೆದ್ದಿದ್ಲು. ಆದ್ರ ಆಕಿ ಮುಖ ಗೆದ್ದಾಕಿ ಮುಖ ಇರ್ಲಿಲ್ಲ.

"ನನಗ ಬರವಲ್ದೋ ತಮ್ಮ," ಅಂದು ದೊಡ್ಡವ್ವ ಮೆಟ್ಟಲ ಇಳದ್ಲು.

ನಮ್ಮ ಟೇಬಲ್ಲಿಗಿ ಬರ್ಲಿಲ್ಲ. ಮುಖ ತೋರಸಲಾಕ ನಾಚಿಕಿ. ಮಶೀನುಗಳ ಕಡಿ ಹೋಗಿ, ಖಾಲಿ ಇದ್ದ ಒಂದು ಕುರ್ಚಿ ಮ್ಯಾಲ ಕುಂತ್ಲು. ಅದು ಕುರ್ಚಿ ಅಲ್ಲ, ಆ ಮೋಟಾರಿನ ಮಶೀನಿನ ಸೀಟು. ನಾ ಹಿಂದೇ ಓಡಿದೆ. ಒಂದು ಆಟ ಆಡ್ಸಿ ಮನಸ್ಸು ಬ್ಯಾರೆ ಕಡಿ ಮಾಡಮು ಅಂತ ಸುನೀಲನ ಕಡಿಂದ ಒಂದು ಟೋಕನ್ ತಗೊಂಡು ಬಂದೆ. ಹಾಕಬೇಕಂತ ಬಗ್ಗಿದೆ. ಬಗ್ಗಿದವ ಹಂಗೇ ನಿಂತೆ.

ದೊಡ್ಡವ್ವನ ಬಲಗೈ ಸ್ಟೇರಿಂಗಿನ ಗುಂಡಿ ಹಿಡದಿತ್ತು. ಸುಮ್ಮನ ಹಿಡದಿತ್ತು, ಎಲ್ಲ್ಯಾದ್ರೂ ಹಿಡಿಬೇಕಲ್ಲ. ಒಂದು ಸುತ್ತು ತಿರುವಿದ್ಲು. ಅದಕ್ಕ ತಡಿ ಇಲ್ಲ, ಸುತ್ತಾ ತಿರಗ್ತದ. ಇನ್ನೊಂದು ಸುತ್ತು. ಹಳೇ ಬೇರಿಂಗು ಗರ್ರ್ ಅಂತು. ಆಕಿ ಮೈ ಒಂದೀಟು ಮುಂದ ಬಾಗ್ತು, ಹಿಂದ ಬಂತು. ಪಡದೆ ಮ್ಯಾಲ ಗಾಡಿ ತನ್ನಷ್ಟಕ್ಕ ತಾ ಓಡ್ಲಾಕತ್ತಿತ್ತು, ಆಕಿ ಅದನ್ನ ನೋಡಲೇ ಇಲ್ಲ. ಕಣ್ಣ ಮುಚ್ಚಿದ್ಲು. ಸುತ್ತಿನ ಮ್ಯಾಲ ಸುತ್ತು. ಬಳಿ ಸಪ್ಪಳ ಒಂದು ಲಯಕ್ಕ ಬಂತು.

ಕರಿಕುರಿ ಮುಂದಾಗಿ ಬಿಳಿಕುರಿ ಹಿಂದಾಗಿ
ಕುರಿ ನಡುವ ಬರುವ ನನ ತಮ್ಮ । ತಲಿಮ್ಯಾಲ
ಬಿಸಿಲ ಹೊತ್ತಾನ ಕೊಡದಂಗ

ಮೈಕಿಲ್ಲ, ಏನಿಲ್ಲ. ಆ ದನಿ ಅಷ್ಟೆತ್ತರದ ತಗಡಿಗಿ ಹೋಗಿ ಬಡದು ಕೆಳಗ ಬಂತ್ರಿ. ಬಂದು ನನ್ನ ತಲಿಬುರುಡಿಗೇ ಬಿತ್ತು. ಸುನೀಲ ಓಡಿ ಹೋಗಿ ಎಲ್ಲಾ ಮಶೀನಿನ ಸಪ್ಪಳ ಬಂದ್ ಮಾಡ್ದ. ಇಷ್ಟ ವರ್ಷ ನಮಗ ಯಾರಿಗೂ ಗೊತ್ತಿರ್ಲಿಲ್ಲ, ಆಕಿಗೂ ಗೊತ್ತಿರ್ಲಿಲ್ಲ. ಖಾಲಿ ಕೈಲೆ ಆಕಿ ಒಂದಿನಾನೂ ಹಾಡಿದ್ದಿಲ್ಲ. ಆಕಿ ಹಾಡು ಗಂಟಲದಾಗ ಅರ್ಧ, ಅಂಗೈದಾಗ ಅರ್ಧ ಇತ್ತು. ಆ ಅರ್ಧ ನಾ ಆಪ್ ಹಾಕಿ ಒರಸಿ ಒಗದಿದ್ದೆ.

ಹಾಡಿ ಮುಗಿಸಿ ಆಕಿ ಸುಮ್ಮನಾದ್ಲು. ಕೈ ಮಾತ್ರ ತಿರುವಲಾಕತ್ತಿತ್ತು. ಎದುರಿನಾಕಿ ಪದ ಕಟ್ಟೋವಷ್ಟ ಹೊತ್ತು.

ಹಿಂದಿನಿಂದ ಕುರ್ಚಿ ಸರದ ಸಪ್ಪಳ ಬಂತು. ಕಾಕು ದಡದಡ ಬಂದ್ಲು. ಅಳ್ತಾಳೇನೋ, ಅಪ್ಕೊಳ್ತಾಳೇನೋ ಅನ್ಕೊಂಡೆ. ಆಕಿ ಸಿಟ್ಟಿಗೆದ್ದಿದ್ಲು.

"ಖಾಲಿ ಕಲ್ಲ ತಿರುವ್ತೀಯೇನಕ್ಕ! ಹೆಣ್ಣಮಗಳಾಗಿ ಅಷ್ಟೂ ತಿಳಿಯಂಗಿಲ್ಲೇನು? ಮನಿಗಿ ಛಲೋ ಅಲ್ಲ!"

ನಮ್ಮ ಕಡಿ ಹಂಗೇ ರೀ. ಕಾಳು ಹಾಕದ ಕಲ್ಲು ತಿರುವಬಾರ್ದು, ತಿರುವಿದ್ರ ಮನಿ ಕಣಜ ಖಾಲಿ ಆಗ್ತದಂತ. ಕಾಕು ಮುಷ್ಟ್ಯಾಗ ತಂದ ಶೇಂಗಾ ಸ್ಟೇರಿಂಗಿನ ನಡುವ ಸುರದ್ಲು. ಅದೇನ್ ಕಲ್ಲೇ, ನಿಂದರ್ಲಾಕ? ನಾಲ್ಕು ಕಾಳು ನಿಂತ್ವು, ಉಳದಿದ್ದೆಲ್ಲಾ ದೊಡ್ಡವ್ವನ ಉಡ್ಯಾಗ ಬಿದ್ವು. ಸುರದ ಕೈನ ಆಕಿ ವಾಪಸ್ ತಗೊಳ್ಳಲಿಲ್ಲ. ಮಶೀನಿನ ಬಾಜೂ ನಿಂತು, ಬಗ್ಗಿ, ಆ ಗುಂಡಿ ಮ್ಯಾಲೇ, ದೊಡ್ಡವ್ವನ ಕೈ ಮ್ಯಾಲ ಇಟ್ಲು.

ಕೊಡದಂಥ ಬಿಸಿಲ ಇಳಸಪ್ಪ ಹೊಸ್ತಿಲಕ
ನಡುಮನಿಗಿ ನೆಳ್ಳ ಹಾಸೇನಿ । ಬಾ ತಮ್ಮ
ಮಜ್ಜಿಗಿ ನುಚ್ಚ ಕಲಸೀನಿ

ನಾ ಟೋಕನ್ ಕಿಸೆದಾಗ ಹಾಕ್ಕೊಂಡು ಹಿಂದ ಸರದೆ. ಗಿಟಾರಿನ ಹುಡುಗಿ ನೆಲದ ಮ್ಯಾಲ ಕುಂತುಬಿಟ್ಟಿದ್ಲು. ಒಂದು ದನಿ ದಪ್ಪ, ಒಂದು ದನಿ ಒಡಕು. ಎಲ್ಲಿ ಒಂದು ಮುಗೀತದ, ಎಲ್ಲಿ ಇನ್ನೊಂದು ಹುಟ್ಟತದ ತಿಳಿವಲ್ದು. ನಾ ಏನೇನ್ ನೋಡೀನಿ, ಏನೇನ್ ಹಿಡದು ನಿಮಗ ತೋರ್ಸೀನಿ. ಅವತ್ತು ನೋಡಿದಂಥಾದ್ದು ನೋಡಿಲ್ರಿ. ಮಂದಿ ಮುಂದ ಹಾಡೋದು ಬ್ಯಾರೆ. ಇವ್ರು ಮಂದಿ ಮುಂದ ಹಾಡ್ಲಾಕತ್ತಿರ್ಲಿಲ್ಲ, ಕೆಲಸ ಮಾಡ್ಲಾಕತ್ತಿದ್ರು.

ಆಗ ದೊಡ್ಡವ್ವ ಕಣ್ಣ ತಗದು, ಸೀದಾ ಕಾಕುನ ಮುಖ ನೋಡಿ ಹಾಡಿದ್ಲು.

ಎದುರೀಗಿ ಕುಂತಾಕಿ ಔರಾದ ಸೇರ್ಯಾಳ
ಗದರೀಸಿ ಕಳಿಸ್ಯಾಳ ಒಂದ ಮಾತ । ಆ ಮಾತ
ಕಲ್ಲಿಗಿ ಹಾಕಿ ಬೀಸೇನ

ಕಾಕುನ ಕೈ ಒಂದು ಸುತ್ತಿಗಿ ತಡೀತು. ಅರ್ಧ ಸುತ್ತು ದೊಡ್ಡವ್ವ ಒಬ್ಬಾಕೀನೇ ತಿರುವಿದ್ಲು. ಆಮ್ಯಾಲ ಆ ಕೈ ಮತ್ತ ಕೂಡ್ತು.

ಬೀಸಿದರ ಬೀಸಕ್ಕ ಸಣ್ಣಾಗಿ ಬೀಸಕ್ಕ
ತಪ್ಪಿನ ಕಾಳ ಉಳಿಬಾರ್ದ । ಆ ಹಿಟ್ಟ
ನನ ಸೆರಗಿನಾಗ ಸಾಣಿಸೇನ

ದೊಡ್ಡವ್ವ ನಕ್ಕಳು ನೋಡ್ರಿ! ಹಲ್ಲಿಲ್ಲದ ಬಾಯಿಲೆ, ಗೊಳ್ಳಂತ. "ದನಿ ಬಿದ್ದದಲ್ಲೇ ನಿಂದು! ಒಡಕ ಗಡಿಗಿ ಆಗ್ಯದ."

"ನಿಂದು ಹಂಗೇ ಅದ. ಇದು ನೀನೇ," ಅಂದ್ಲು ಕಾಕು. ಮೂಗು ಸೆರಗಿಲೆ ಒರಸ್ಕೊಂಡು ನನ್ನ ಕಡಿ ತಿರಗಿದ್ಲು. "ಏ ಶಿವ್ಯಾ. ಕಲ್ಲ ತಗದು ಹಾಡ ಇಟ್ಟಿದ್ಯಾ? ನಾಳಿ ನಿಮ್ಮಪ್ಪನ ಮೈ ತಗದು ಬರೇ ಅಂಗಿ ತೋರಸ್ತೀಯೇನು?"

ಅಲ್ಲೇ, ಅವ್ರ ಮುಂದೇ ಆ ವಿಡಿಯೋ ಅಳಿಸಿದೆ. ಹುಡುಕಬ್ಯಾಡ್ರಿ, ಸಿಗಂಗಿಲ್ಲ.

ಇಬ್ರೂ ನನ್ನ ಮರತು ಮತ್ತ ಶುರು ಮಾಡಿದ್ರು. ಒಂದಾತು, ಎರಡಾತು, ಐದಾತು. ಊಟ ಆರ್ತು, ಚಾ ಆರ್ತು. ಯಾರೂ ಏಳವಲ್ರು. ಮೋಟಾರಿನ ಆಟಕ್ಕ ಪಾಳಿಗಿ ನಿಂತಿದ್ದ ಕಾಲೇಜಿನ ಹುಡುಗಿಯೊಬ್ಬಾಕಿ ಸಣ್ಣ ದನೀಲೆ ಕೇಳಿದ್ಲು.

"ಅಜ್ಜಿ, ನಮ್ಮ ಪಾಳಿ ಯಾವಾಗ ಬರ್ತದ್ರಿ?"

ಕಾಕು ತಿರಗಿ ನೋಡ್ಲಿಲ್ಲ. ಉಡ್ಯಾಗಿನ ಶೇಂಗಾ ಇನ್ನೊಂದು ಹಿಡಿ ತಗೊಂಡು ಸ್ಟೇರಿಂಗ್ ಮ್ಯಾಲ ಹಾಕಿದ್ಲು.

"ತಡಿಯವ್ವ, ಇನ್ನಾ ಬೀಸೋದು ಭಾಳ ಅದ."